ಅರವತ್ತು ಸೆಂಟಿಮೀಟರ್

ಎಡಗಡೆಯ ಮುಂಚಕ್ರ ಕಿರುಗುಟ್ಟುತ್ತಿಲ್ಲ, ಇಲ್ಲ, ನಿಜಕ್ಕೂ ಇಲ್ಲ, ಬಿಸ್ಕತ್ತಿನ ಸಾಲಿನಿಂದ ಸೋಪಿನ ಸಾಲಿನವರೆಗೆ ನಲವತ್ತೆರಡು ಹೆಜ್ಜೆ ನಡೆದೆ, ಬೆನ್ನ ಹಿಂದೆ ಕೇಳಿದ್ದು ಮೋಟಾರಿನ ಗುನುಗು ಮಾತ್ರ, ಮಲಗಿದ ಬೆಕ್ಕಿನ ಉಸಿರಿನಷ್ಟು — ನಾನು ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ, ತಿರುಗಿ ನೋಡಿದರೆ ಸರಿಯಾಗಿ ಅರವತ್ತು ಸೆಂಟಿಮೀಟರ್ ದೂರದಲ್ಲಿ, ಐವತ್ತೊಂಬತ್ತೂ ಅಲ್ಲ ಅರವತ್ತೊಂದೂ ಅಲ್ಲ, ವಿಧೇಯ ವಿದ್ಯಾರ್ಥಿಯಂತೆ ನನ್ನನ್ನೇ ನೋಡುತ್ತಾ ನಿಂತಿದೆ, ನನ್ನ ಗಾಡಿ, ಅಲ್ಲ, ನಮ್ಮ ಗಾಡಿ ಎನ್ನಬೇಕು, ಮ್ಯಾನೇಜರ್ ಮುಂದೆ ನನ್ನದು ಅನ್ನಬೇಡಮ್ಮ, ನಮ್ಮದು ಅನ್ನು, ಆಯ್ತಾ? ಪ್ರತಿ ಮಾತಿನ ತುದಿಗೂ ಆಯ್ತಾ ಎಂದು ಮೊಳೆ ಹೊಡೆಯುವ ನಮ್ಮ ಕಾರ್ಯಾಗಾರದ ಒಡೆಯರಿಗೆ ಆಯ್ತಾ ಸಾಹೇಬರು ಎಂದು ಹೆಸರಿಟ್ಟವನು ವೆಲ್ಡರ್ ಮಾಮ, ನನಗೆ ಸೈಂಟಿಸ್ಟಮ್ಮ ಎಂದು ಇಟ್ಟವನೂ ಅವನೇ, ಮೂರೇ ಜನ ನಾವು, ಮೂವರೂ ಸೇರಿ ಹದಿನಾಲ್ಕು ತಿಂಗಳು ಇದೊಂದನ್ನೇ ಉಂಡು ಇದನ್ನೇ ಉಟ್ಟಂತೆ ಬದುಕಿದ್ದೇವೆ. ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಹತ್ತಕ್ಕೆ ಈ ಅಂಗಡಿಯ ಮ್ಯಾನೇಜರ್ ಬರುತ್ತಾರೆ, ಅವರು ಹೂಂ ಎಂದರೆ ಬಾಗಿಲ ಬಳಿ ಒಂದರೊಳಗೊಂದು ತುರುಕಿಕೊಂಡು ನಿಂತಿರುವ ಆ ನೂರ ಇಪ್ಪತ್ತು ಹಳೆಯ ತಳ್ಳುಗಾಡಿಗಳು ಗುಜರಿಗೆ ಹೋಗುತ್ತವೆ, ಅವುಗಳ ಜಾಗದಲ್ಲಿ ನೂರ ಇಪ್ಪತ್ತು ನನ್ನವು — ನಮ್ಮವು — ಊಹೂಂ ಎಂದರೆ ಇದೊಂದು ಕಾರ್ಯಾಗಾರದ ಮೂಲೆಯಲ್ಲಿ ಧೂಳು ತಿನ್ನುತ್ತದೆ, ಅಂಗೈ ಬೆವರುತ್ತಿದೆ, ಬೆವರಲಿ, ಸಂತೋಷಕ್ಕೂ ಭಯಕ್ಕೂ ಬೆವರಿನ ಸಂಯೋಜನೆ ಒಂದೇ ಇರಬೇಕು, ಹುಡುಕಿ ನೋಡಬೇಕು, ಈಗ ಬೇಡ.

ಮತ್ತೊಮ್ಮೆ ಪರೀಕ್ಷಿಸುತ್ತೇನೆ, ಕೊರಳಪಟ್ಟಿಗೆ ಸಿಕ್ಕಿಸಿಕೊಳ್ಳುವ ಗುಂಡಿ, ಇದೆ, ಗಾಡಿ ಹಿಂಬಾಲಿಸುವುದು ಆ ಗುಂಡಿಯನ್ನೇ, ಸೋಪೊಂದನ್ನು ಬುಟ್ಟಿಗೆ ಹಾಕಿದೆ, ನೂರ ಇಪ್ಪತ್ತೈದು ಗ್ರಾಂ, ಪರದೆಯ ಮೇಲೆ ಹೆಸರು ಮೂಡಿತು, ತೆಗೆದೆ, ಅಳಿಸಿಹೋಯಿತು, ಎಷ್ಟು ಸುಂದರ, ಒಂದು ಸಮೀಕರಣ ತನ್ನಷ್ಟಕ್ಕೆ ಸರಿದೂಗಿದಂತೆ — ಮತ್ತು ಎಲ್ಲಕ್ಕಿಂತ ಸುಂದರವಾದದ್ದು ಇಲ್ಲದಿರುವುದು, ಹಿಡಿ ಇಲ್ಲದಿರುವುದು, ನುಣುಪಾದ ಬೆಳ್ಳಿಬಣ್ಣದ ಬುಟ್ಟಿ, ಅಂಚೆಲ್ಲ ದುಂಡಗೆ, ಕೈಯಿಡಲು ಎಲ್ಲಿಯೂ ಒಂದು ಕೊಕ್ಕೆ ಕೂಡ ಇಲ್ಲ. ಅದು ನನ್ನ ಯೋಚನೆ, ಇದನ್ನು ಮಾತ್ರ ನಮ್ಮದು ಎನ್ನಲಾರೆ, ಆರು ದಿನ ಇದೇ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಸ್ಟಾಪ್‌ವಾಚ್ ಒತ್ತುತ್ತಾ ಇನ್ನೂರ ಹನ್ನೆರಡು ಗ್ರಾಹಕರನ್ನು ಬರೆದುಕೊಂಡವಳು ನಾನು, ಹನ್ನೊಂದು ಕಾಲಂ, ನೀಲಿ ಶಾಯಿ, ಏಳನೆಯ ಕಾಲಂ ಹಿಡಿಯ ಮೇಲೆ ಕೈಯಿದ್ದ ಸಮಯ, ಸರಾಸರಿ ನೂರಕ್ಕೆ ಅರವತ್ತೆರಡು, ವಯಸ್ಸು ಅರವತ್ತು ದಾಟಿದವರಲ್ಲಿ ತೊಂಬತ್ತನಾಲ್ಕು, ಬುಟ್ಟಿ ಖಾಲಿಯಿದ್ದರೂ, ನಿಂತಲ್ಲೇ ನಿಂತು ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದರೂ ತೊಂಬತ್ತನಾಲ್ಕು, ಆ ಸಂಖ್ಯೆ ಕಂಡಾಗ ಮೈ ಜುಮ್ಮೆಂದಿತ್ತು, ವರದಿಯಲ್ಲಿ ಬರೆದೆ, ಗ್ರಾಹಕರ ಎರಡೂ ಕೈಗಳು ಖರೀದಿಯ ಬಹುಪಾಲು ಅವಧಿಯಲ್ಲಿ ವ್ಯರ್ಥವಾಗಿ ಬಂಧಿತವಾಗಿರುತ್ತವೆ, ವಯಸ್ಸಾದಂತೆ ಈ ಹೊರೆ ಹೆಚ್ಚುತ್ತದೆ, ಎಂಥ ವಾಕ್ಯ, ಆಯ್ತಾ ಸಾಹೇಬರು ಅದನ್ನು ಮೂರು ಸಲ ಗಟ್ಟಿಯಾಗಿ ಓದಿಸಿಕೊಂಡರು. ವೆಲ್ಡರ್ ಮಾಮ ಮಾತ್ರ ಗರಗಸ ಹಿಡಿದು ನಿಂತೇ ಇದ್ದ, ಸೈಂಟಿಸ್ಟಮ್ಮ, ಇದನ್ನ ಕತ್ತರಿಸಿಬಿಟ್ರೆ ಜನ ಏನನ್ನ ಹಿಡ್ಕೋತಾರೆ? ಏನನ್ನೂ ಹಿಡ್ಕೋಬೇಕಾಗಿಲ್ಲ ಮಾಮ, ಅದೇ ನಮ್ಮ ಸಾಧನೆ. ಹೌದಾ, ನಂಗೆ ತಿಳಿಯಲ್ಲಪ್ಪ, ನಾನು ಓದಿದ್ದು ನಾಲ್ಕನೇ ಕ್ಲಾಸು, ಬಸ್ಸಲ್ಲಿ ನಿಂತ್ರೂ ಏನಾದ್ರೂ ಹಿಡ್ಕೊಂಡೇ ನಿಲ್ತೀನಿ. ನಕ್ಕುಬಿಟ್ಟೆ. ಕಿಡಿ ಹಾರಿತು, ಕೊಳವೆ ನೆಲಕ್ಕೆ ಬಿದ್ದು ಠಣ್ಣೆಂದು ಉರುಳಿತು, ನೆಲದಿಂದ ತೊಂಬತ್ತಾರು ಸೆಂಟಿಮೀಟರ್ ಎತ್ತರದಲ್ಲಿದ್ದ ಹಿಡಿ, ಎಲ್ಲ ಹಳೆಯ ಗಾಡಿಗಳದ್ದೂ ಅಷ್ಟೇ ಎತ್ತರ, ಅಳೆದಿದ್ದೇನೆ.

ತೊಂಬತ್ತಾರು — ಅದಕ್ಕಿಂತ ಹಿಂದೆ ಆ ಎತ್ತರವನ್ನು ನಾನು ಕಂಡದ್ದು ಒಳಗಿನಿಂದ, ಚಿಕ್ಕವಳಿದ್ದಾಗ, ಗಾಡಿಯ ಹಿಡಿಗೆ ಅಂಟಿದ ಮಡಚುವ ಸೀಟಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಎದುರಿಗೆ ದೊಡ್ಡಮ್ಮನ ಹೊಟ್ಟೆ, ನನ್ನ ಎರಡೂ ಪಕ್ಕಕ್ಕೆ ಹಿಡಿಯ ಮೇಲೆ ಅವಳ ಎರಡು ಕೈಗಳು, ಬಲಗೈಯ ನಡುಬೆರಳಿನ ತುದಿಯಲ್ಲಿ ಹೊಲಿಯುವಾಗ ತೊಡುವ ಅಂಗುಸ್ತಾನದಿಂದ ಬಿಳಿಚಿದ ಉಂಗುರದಂಥ ಗುರುತು, ಆ ಕೈಗಳ ನಡುವೆ ನನಗೆ ಇಡೀ ಅಂಗಡಿ ಸಣ್ಣದಾಗಿ ಕಾಣುತ್ತಿತ್ತು, ಬೀಳುವ ಪ್ರಶ್ನೆಯೇ ಇರಲಿಲ್ಲ. ಅಮ್ಮನ ಅಕ್ಕ ಅವಳು, ಅಮ್ಮ ಕೆಲಸದಿಂದ ಬರುವವರೆಗೆ ನನ್ನನ್ನು ನೋಡಿಕೊಂಡವಳು, ಈ ಕೆಲಸ ಸಿಕ್ಕ ಮೇಲೆ ಅವಳ ಮನೆಯಲ್ಲೇ ಇದ್ದೇನೆ, ಇಬ್ಬರೇ, ಜಗಳವೂ ಇಬ್ಬರದೇ, ಮುಖ್ಯವಾಗಿ ಕುರ್ಚಿಗಳ ಜಗಳ — ನಾನು ಪ್ರತಿ ಭಾನುವಾರ ಕುರ್ಚಿಗಳನ್ನೆಲ್ಲ ಗೋಡೆಗೆ ಸಮಾನಾಂತರವಾಗಿ ಸಾಲಿಡುತ್ತೇನೆ, ಸೋಮವಾರ ನೋಡಿದರೆ ಅವು ಮತ್ತೆ ನಡುಮನೆಯಲ್ಲಿ, ಒಂದು ಹಾಸಿಗೆಯ ಹತ್ತಿರ, ಒಂದು ಹೊಲಿಗೆ ಯಂತ್ರದ ಹತ್ತಿರ, ಒಂದು ಅಡುಗೆಮನೆಯ ಹೊಸ್ತಿಲಿಗೆ ಅಡ್ಡ, ದೊಡ್ಡಮ್ಮಾ ಇದೇನು ಮನೆಯೋ ಸಂಗೀತಕುರ್ಚಿ ಆಟವೋ? ನೀನು ಸೈನ್ಸ್ ಓದಿದ್ದೀಯಲ್ಲೇ, ಕುರ್ಚಿಗೂ ಕಾಲಿದೆ ಅಂತ ಗೊತ್ತಿಲ್ವಾ, ರಾತ್ರಿ ನಡ್ಕೊಂಡು ಬರುತ್ವೆ. ಮಂಡಿ ನೋವಾ ಎಂದರೆ ಮಂಡಿ ಇದ್ದೋರಿಗೆಲ್ಲ ನೋವು ಇರುತ್ತೆ, ಕೋಲು ತರಲಾ ಎಂದರೆ ನಿನ್ನ ತಲೆಗೆ ಹಾಕೋಕಾ ತಾ, ಅದೇ ದೊಡ್ಡಮ್ಮ ವಾರಕ್ಕೆ ಮೂರು ದಿನ ಈ ಅಂಗಡಿಗೆ ಬರುತ್ತಾಳೆ, ಎದುರಿನ ರಸ್ತೆಯೇ, ಬಂದವಳು ಒಂದು ಗಂಟೆ ಸುತ್ತುತ್ತಾಳೆ, ಒಯ್ಯುವುದು ಒಂದು ದಾರದ ಉಂಡೆ, ಇಲ್ಲವಾದರೆ ಒಂದು ಬೆಂಕಿಪೊಟ್ಟಣ, ಒಂದು ಬೆಂಕಿಪೊಟ್ಟಣಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ ನೂಕ್ತೀಯಾ ಎಂದು ನಾನು ಕೇಳಿದ್ದೆ, ಲೆಕ್ಕ ಹಾಕಿ ಹೇಳಿದ್ದೆ ಕೂಡ, ಹತ್ತು ಗ್ರಾಂ ವಸ್ತುವಿಗೆ ಇಪ್ಪತ್ತಾರು ಕಿಲೋ ಲೋಹ, ಅವಳು ನನ್ನ ಗಲ್ಲ ಚಿವುಟಿ, ಅಯ್ಯೋ ನನ್ನ ಪುಟ್ಟ ತಕ್ಕಡಿ! ಎಂದಿದ್ದಳು. ಹಾಗಾಗಿಯೇ ಆಯ್ತಾ ಸಾಹೇಬರು ಗಾಡಿ ನಡೆಸಿ ತೋರಿಸೋಕೆ ಮಾಮೂಲಿ ಗಿರಾಕಿ ಒಬ್ಬರು ಬೇಕಮ್ಮ, ಯಂತ್ರ ಗಿಂತ್ರ ಗೊತ್ತಿಲ್ಲದವರು, ಆಯ್ತಾ ಎಂದಾಗ ನನ್ನ ಬಾಯಿಂದ ತಕ್ಷಣ ಬಂದ ಹೆಸರು ಅವಳದು, ಇವತ್ತು ಆ ಕೈಗಳಿಗೆ ಬಿಡುಗಡೆ, ಹಾಗೆಂದೇ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಗೆ ಹೇಳಿದೆ, ನೊರೆ ಹಾರಿತು.

ಹತ್ತು ಗಂಟೆ ಒಂದು ನಿಮಿಷ. ಎದೆಯ ಮೇಲೆ ಹಿತ್ತಾಳೆಯ ಹೆಸರುಪಟ್ಟಿ ತೊಟ್ಟ ಮ್ಯಾನೇಜರ್, ಪಕ್ಕದಲ್ಲಿ ಆಯ್ತಾ ಸಾಹೇಬರು, ಹೊಸ ಅಂಗಿಯ ಮಡಿಕೆ ಇನ್ನೂ ಬಿಟ್ಟಿಲ್ಲ, ಕಂಬದ ಹಿಂದೆ ವೆಲ್ಡರ್ ಮಾಮ ಕೈಕಟ್ಟಿ, ಬಾಗಿಲಿಂದ ದೊಡ್ಡಮ್ಮ, ಒಳ್ಳೆಯ ಸೀರೆ ಉಟ್ಟು, ಗೋಡೆಯ ಪಕ್ಕದಲ್ಲೇ, ಬಾಗಿಲ ಚೌಕಟ್ಟು, ಗಲ್ಲಾದ ಅಂಚು, ಒಂದೊಂದನ್ನೇ ಮುಟ್ಟುತ್ತಾ ಬರುತ್ತಾಳೆ, ಹೊಸ ಜಾಗಕ್ಕೆ ಬಂದ ಅತಿಥಿ ಸಾಮಾನು ಮುಟ್ಟಿ ನೋಡುವಂತೆ, ಆದರೆ ಇದು ಅವಳಿಗೆ ಹೊಸ ಜಾಗವಲ್ಲ, ಇರಲಿ, ಗುಂಡಿಯನ್ನು ಅವಳ ಸೆರಗಿಗೆ ಸಿಕ್ಕಿಸಿದೆ, ಹಸಿರು ದೀಪ ಹೊತ್ತಿತು. ನಡಿ ದೊಡ್ಡಮ್ಮ, ಅದೇ ಬರುತ್ತೆ. ಎಲ್ಲಿ ಹಿಡೀಲೇ ಇದನ್ನ? ಹಿಡಿಯೋದೇ ಬೇಡ, ಸುಮ್ಮನೆ ನಡಿ, ಕೈ ಬೀಸಿಕೊಂಡು. ಅವಳು ನನ್ನ ಮುಖ ನೋಡಿದಳು, ಒಂದು ಕ್ಷಣ, ಆಮೇಲೆ ನನಗಾಗಿ ನಕ್ಕಳು, ಎರಡು ಹೆಜ್ಜೆ ಇಟ್ಟಳು, ಗಾಡಿ ಎರಡು ಹೆಜ್ಜೆ ಬಂತು, ಮೂರು, ನಾಲ್ಕು, ಸಾಲಿನ ನಟ್ಟನಡುವೆ, ಕಪಾಟುಗಳು ಎರಡೂ ಕಡೆ ಕೈಗೆಟುಕದಷ್ಟು ದೂರ, ಅಲ್ಲಿ ನಿಂತಳು, ಹಿಂದೆ ತಿರುಗಿದಳು, ಎರಡೂ ಕೈಗಳನ್ನು ಗಾಡಿಯ ಕಡೆಗೆ ಚಾಚಿದಳು — ಗಾಡಿ ಹಿಂದೆ ಸರಿಯಿತು, ಮೆಲ್ಲಗೆ, ಮರ್ಯಾದೆಯಿಂದ, ಅರವತ್ತು ಸೆಂಟಿಮೀಟರ್ ಕಾಯ್ದುಕೊಂಡು, ಏಕೆಂದರೆ ಗ್ರಾಹಕರ ಮೈಗೆ ಎಂದಿಗೂ ತಾಗಬಾರದೆಂದು ಗಾಡಿಯ ಪ್ರೋಗ್ರಾಮಿನಲ್ಲಿ ಬರೆದವಳು ನಾನು, ನಾಲ್ಕು ವಾರ ಕೂತು ಬರೆದವಳು, ಅವಳು ಒಂದು ಹೆಜ್ಜೆ ಮುಂದೆ, ಅದು ಒಂದು ಹೆಜ್ಜೆ ಹಿಂದೆ, ಮತ್ತೊಂದು, ಮತ್ತೊಂದು, ನಾನು ಎಣಿಸುತ್ತಿದ್ದೇನೆ, ಎಣಿಸದಿರಲು ನನಗೆ ಬರುವುದಿಲ್ಲ, ಏಳು, ಎಂಟು, ನೋಡ್ರೀ ನನ್ನ ಕಂಡ್ರೆ ಇದಕ್ಕೂ ಭಯ, ಥೇಟ್ ಇವಳ ದೊಡ್ಡಪ್ಪ ಇದ್ದ ಹಾಗೆ, ಮ್ಯಾನೇಜರ್ ಹೋ ಎಂದು ನಕ್ಕರು, ಆಯ್ತಾ ಸಾಹೇಬರು ಅದಕ್ಕಿಂತ ಗಟ್ಟಿಯಾಗಿ, ನಗುವಿನ ಅಡಿಯಲ್ಲಿ ಯಾರೂ ಅವಳ ಮೊಣಕಾಲು ನೋಡಲಿಲ್ಲ, ಸೀರೆಯ ನೆರಿಗೆ ನಡುಗುತ್ತಿತ್ತು, ಹತ್ತು, ಹನ್ನೊಂದು, ಮತ್ತು ಕೈಗಳು — ನೆಲದಿಂದ ತೊಂಬತ್ತಾರು ಸೆಂಟಿಮೀಟರ್ ಎತ್ತರದಲ್ಲಿ, ಅಳೆಯದೆಯೇ ಹೇಳಬಲ್ಲೆ, ಬೆರಳುಗಳು ಅರ್ಧ ಮಡಚಿ, ಅಲ್ಲಿಲ್ಲದ ಒಂದು ಕೊಳವೆಯ ಸುತ್ತ ಮುಚ್ಚಿಕೊಳ್ಳುತ್ತಾ, ತೆರೆಯುತ್ತಾ, ನಡುಬೆರಳಿನ ತುದಿಯಲ್ಲಿ ಬಿಳಿಚಿದ ಉಂಗುರ.

ತೊಂಬತ್ತನಾಲ್ಕು. ಖಾಲಿ ಬುಟ್ಟಿಯಿದ್ದರೂ ತೊಂಬತ್ತನಾಲ್ಕು, ನಿಂತಿದ್ದರೂ ತೊಂಬತ್ತನಾಲ್ಕು, ಬಂಧಿತ ಎಂದು ಬರೆದೆ ನಾನು, ಹೊರೆ ಎಂದು ಬರೆದೆ, ನೀಲಿ ಶಾಯಿಯಲ್ಲಿ, ಗೆರೆ ಎಳೆದು — ಕುರ್ಚಿಯಿಂದ ಕುರ್ಚಿಗೆ ಒಂದು ತೋಳಿನ ಅಂತರ, ಹಾಸಿಗೆ, ಯಂತ್ರ, ಹೊಸ್ತಿಲು, ನಾನು ಪ್ರತಿ ಭಾನುವಾರ ಅವಳ ದಾರಿಯನ್ನು ಕಿತ್ತು ಗೋಡೆಗೆ ಒರಗಿಸುತ್ತಿದ್ದೆ, ಅವಳು ಪ್ರತಿ ಸೋಮವಾರ ಅದನ್ನು ಮತ್ತೆ ಹಾಕಿಕೊಳ್ಳುತ್ತಿದ್ದಳು, ಒಂದು ಬೆಂಕಿಪೊಟ್ಟಣಕ್ಕೆ ಇಪ್ಪತ್ತಾರು ಕಿಲೋ ಲೋಹ, ಯಾರೂ ಮುದುಕಿ ಎನ್ನದೆ ಒಂದು ಗಂಟೆ ನೆಟ್ಟಗೆ ನಡೆಯಲು ಇಪ್ಪತ್ತಾರು ಕಿಲೋ ಲೋಹ, ಅಯ್ಯೋ ತಕ್ಕಡಿ, ಪುಟ್ಟ ತಕ್ಕಡಿ. ಅವಳು ಪಕ್ಕಕ್ಕೆ ಎರಡು ಹೆಜ್ಜೆ ತೂರಾಡಿದಳು, ಕೈ ಕಪಾಟಿನ ಅಂಚು ಸೇರಿತು, ಸೋಪಿನ ಡಬ್ಬಿಯೊಂದು ಉರುಳಿತು, ಸದ್ಯ. ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಿದ್ದಾರೆ, ಅದ್ಭುತ ಕಣ್ರೀ, ಯಾರ ಕಾಲಿಗೂ ತಾಗೋ ಮಾತೇ ಇಲ್ಲ, ಮುಂದಿನ ತಿಂಗಳೇ ಆ ಹಳೇ ತಗಡುಗಳನ್ನೆಲ್ಲ ಎತ್ತಿಸಿಬಿಡ್ತೀನಿ, ಇಷ್ಟೇ ಬೇಕಿತ್ತು, ಹದಿನಾಲ್ಕು ತಿಂಗಳು ಈ ಒಂದು ವಾಕ್ಯಕ್ಕೆ ಕಾದಿದ್ದೆ, ಬಂತು, ಬಂದೇಬಿಟ್ಟಿತು, ಬೇಡ ಸಾರ್. ಯಾರ ದನಿ ಅದು, ನನ್ನದು. ಏನಮ್ಮಾ? ಎತ್ತಿಸಬೇಡಿ ಸಾರ್, ಗಾಡಿ ಇನ್ನೂ ಆಗಿಲ್ಲ, ನಾನು ಅಂಕಿಗಳನ್ನ ತಪ್ಪು ಓದಿದ್ದೇನೆ, ಹಿಡಿ ಬೇಕು. ಆಯ್ತಾ ಸಾಹೇಬರ ಬಾಯಿ ತೆರೆದೇ ಇದೆ, ಮೊದಲ ಬಾರಿಗೆ ಅದರಿಂದ ಆಯ್ತಾ ಬರಲಿಲ್ಲ, ಮ್ಯಾನೇಜರ್ ನಗು ಮಡಚಿ ಜೇಬಿಗಿಟ್ಟುಕೊಂಡಂತೆ, ನೋಡಮ್ಮಾ, ಆರು ವಾರ ಕೊಡ್ತೀನಿ, ಅಷ್ಟರಲ್ಲಿ ಬೇರೆಯವರ ಗಾಡಿನೂ ನೋಡ್ತೀನಿ, ಆಮೇಲೆ ನನ್ನನ್ನ ಅನ್ನಬೇಡ. ಅನ್ನುವುದಿಲ್ಲ, ಆರು ವಾರ, ನಲವತ್ತೆರಡು ದಿನ, ಸಾಕು, ತಲೆಯೊಳಗೆ ಆಗಲೇ ಕಿಡಿ ಹಾರುತ್ತಿದೆ, ಕತ್ತರಿಸಿದ ಕೊಳವೆಯನ್ನು ಮಾಮ ಬಿಸಾಡಿಲ್ಲ, ಕಂಬದ ಹಿಂದಿನಿಂದ ನನ್ನ ಕಡೆ ನೋಡಿ ಸುಮ್ಮನೆ ತಲೆಯಾಡಿಸುತ್ತಿದ್ದಾನೆ, ಕೊಳವೆಯೊಳಗೆ ಒತ್ತಡ ಅಳೆಯುವ ಪಟ್ಟಿ, ಎಷ್ಟು ಭಾರ ಊರಿದರೆ ಅಷ್ಟು ಗಟ್ಟಿಯಾಗಿ ಚಕ್ರ ಕಚ್ಚಬೇಕು, ಜಾರಬಾರದು, ಮೋಟಾರು ಎದುರು ಒತ್ತಬೇಕು, ಎದ್ದು ನಿಲ್ಲುವವರಿಗೆ ತೋಳು ಕೊಟ್ಟಂತೆ, ಕೈ ಚಾಚಿದರೆ ಹಿಂದೆ ಸರಿಯುವುದಲ್ಲ, ಬರಬೇಕು, ಅದೇ ಬಂದು ಅಂಗೈಯ ಕೆಳಗೆ ನಿಲ್ಲಬೇಕು, ಒಂದೇ ಸಾಲು, ಒಂದೇ ಚಿಹ್ನೆ, ಮೈನಸ್ ಇದ್ದದ್ದು ಪ್ಲಸ್, ದೇವರೇ ಎಷ್ಟು ಸುಲಭ, ಇದು ಮೊದಲಿನದಕ್ಕಿಂತ ಎಷ್ಟೋ ಒಳ್ಳೆಯ ಗಾಡಿ, ಓಡಬೇಕು ಅನಿಸುತ್ತಿದೆ, ಓಡುತ್ತಿದ್ದೇನೆ, ಬಾಗಿಲ ಬಳಿಯ ಸಾಲಿನಿಂದ ಒಂದು ಹಳೆಯ ತಳ್ಳುಗಾಡಿಯನ್ನು ಕಿತ್ತು ಎಳೆದೆ, ಎಡಗಡೆಯ ಮುಂಚಕ್ರ ಕಿರ್ರೋ ಎನ್ನುತ್ತಿದೆ, ಎನ್ನಲಿ, ಬಂದೆ ದೊಡ್ಡಮ್ಮಾ, ನಿಧಾನ ಕಣೇ, ಗೂಳಿ ನುಗ್ಗಿದ ಹಾಗೆ ಬರಬೇಡ, ಎನ್ನುತ್ತಾ ಅವಳು ಕಪಾಟನ್ನು ಬಿಟ್ಟಳು, ನನ್ನ ಕಡೆಗೆ ತಿರುಗಿದಳು, ಇನ್ನು ನಾಲ್ಕು ಹೆಜ್ಜೆ, ಮೂರು, ಎಣಿಕೆ ನಿಂತುಹೋಗುತ್ತಿದೆ, ಅವಳ ಎರಡು ಕೈಗಳು, ಗಾಳಿಯಲ್ಲಿ, ಬೆರಳುಗಳು ಅರ್ಧ ಮಡಚಿ, ಬಿಳಿಚಿದ ಉಂಗುರ, ಎರಡು ಕೈಗಳು —