ಗಂಟಲು ಮುಚ್ಚುವ ಮಾತು

ಅಜ್ಜಿಯ ಗಂಟಲು ನಾಗವೇಣಿಯ ಬೆರಳುಗಳ ಕೆಳಗೆ ಮೇಲೆದ್ದು ನಿಂತುಬಿಟ್ಟಿತು, ಆಮೇಲೆ ಇಳಿಯಿತು, ನುಂಗಿದ್ದಲ್ಲ, ಮಾತು — ಅನ, ಅನ — ನಿನ್ನೆಯಿಂದ ಅದೊಂದೇ, ಪಾರ್ಶ್ವವಾಯು ಹೊಡೆದ ಮೇಲೆ ಇಂಗ್ಲಿಷೆಲ್ಲ ಅಳಿಸಿಹೋಗಿ ವಿಯೆಟ್ನಾಮಿನ ಬೆಟ್ಟದ ಜರಾಯ್ ಭಾಷೆಯಷ್ಟೇ ಉಳಿದಿದೆ, ಈ ಬ್ರಿಸ್ಬೇನ್ ಆಸ್ಪತ್ರೆಯಲ್ಲಿ ಅದನ್ನು ಬಲ್ಲವರು ಯಾರೂ ಇಲ್ಲ, ನಾಗವೇಣಿಗೂ ಬಾರದು, ಅವಳು ಸ್ಪೀಚ್ ಥೆರಪಿಸ್ಟ್, ಮಾತು ಹೋದವರಿಗೆ ಮಾತು ಕಲಿಸುವುದು, ನುಂಗಲಾರದವರ ಗಂಟಲ ಮೇಲೆ ಬೆರಳಿಟ್ಟು ಕಾಯುವುದು, ಒಂದು ಚಮಚವೂ ಇಳಿಯದಿದ್ದರೆ ಸಂಜೆ ಮೂಗಿಗೆ ನಳಿಗೆ ಹಾಕುತ್ತಾರೆ, ಹಾಕಲಿ, ಅವಳಿಗೆ ಏನೂ ಅನ್ನಿಸುತ್ತಿಲ್ಲ, ಅನ್ನಿಸುವುದು ನಿಂತು ಎಷ್ಟೋ ಕಾಲವಾಯಿತು. ನಿನ್ನೆ ಅದು ಅನ್ನ ಎಂದೇ ಕೇಳಿಸಿತ್ತು, ಪಾಪ, ಹಸಿದಿದ್ದಾಳೆ ಎಂದು ಅನ್ನ ನುಣ್ಣಗೆ ಅರೆಸಿ ತರಿಸಿದ್ದಳು, ಅಜ್ಜಿ ಮುಖ ತಿರುಗಿಸಿದ್ದಳು, ಅಡಿಲೇಡಿನಲ್ಲಿರುವ ಅಜ್ಜಿಯ ಮಗಳು ಫೋನಿನ ಪರದೆಯಲ್ಲಿ ನಕ್ಕಳು, ನಗು ಅರ್ಧಕ್ಕೇ ನಿಂತಿತು, ಅಯ್ಯೋ ಅದು ಊಟ ಅಲ್ಲ, ನಮ್ಮಲ್ಲಿ ಹಾಗಂದ್ರೆ ಮಗು, ಬೆಟ್ಟ ದಾಟಿ ಓಡಿ ಬರುವಾಗ ನನ್ನ ತಮ್ಮ ದಾರೀಲೇ ತೀರ್ಕೊಂಡ, ಹೆಸರೂ ಇಟ್ಟಿರಲಿಲ್ಲ, ಅಮ್ಮ ಅವನ ಸುದ್ದಿ ಯಾವತ್ತೂ ಎತ್ತಿದವರಲ್ಲ, ಈಗ ಕರೀತಿದಾರೆ ನೋಡಿ, ನೀವೂ ಹೇಳಿ ನೋಡೋಣ, ಊಹೂಂ, ಮೊದಲಿನ ಅ ಹಗುರ, ಭಾರವೆಲ್ಲ ನ ಮೇಲೆ, ತಕ್ಷಣ ಗಂಟಲು ಮುಚ್ಚಿಬಿಡಿ, ನೀವು ತೆರೆದೇ ಇಡ್ತಿದೀರ. ತೆರೆದೇ ಇಡುತ್ತೇವೆ ನಾವು, ಕನ್ನಡದ ಮಾತೆಲ್ಲ ಸ್ವರದಲ್ಲಿ ಮುಗಿಯುವುದು, ಬಾಯಿ ತೆರೆದೇ, ನಿನ್ನೆ ಸಂಜೆ ಕ್ಯಾಲಮ್‌ವೇಲ್‌ನ ಮನೆಗೆ ಮರಳುವ ದಾರಿಯಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ ಹೇಳಿಕೊಂಡಳು, ಅನ, ಇದು ವಿಸರ್ಗಕ್ಕೆ ತಿರುವುಮುರುವು, ವಿಸರ್ಗದಲ್ಲಿ ಉಸಿರು ಹೊರಗೆ ಬೀಳುತ್ತದೆ, ಇದರಲ್ಲಿ ಒಳಗೇ ನಿಲ್ಲುತ್ತದೆ, ವರ್ಣಮಾಲೆಯಲ್ಲಿ ಇದಕ್ಕೊಂದು ಅಕ್ಷರವಿಲ್ಲ — ಇಲ್ಲಿಗೆ ಬರುವ ಮೊದಲು ಪರ್ತ್‌ನಲ್ಲಿ, ಹ್ಯಾರಿಸ್‌ಡೇಲ್‌ನ ಮನೆಯಲ್ಲಿ, ತೊಟ್ಟಿಲ ಕೋಣೆಗೆ ಹಳದಿ ಬಣ್ಣ ಬಳಿದಿದ್ದರು, ಹೆರಿಗೆಯಾದಾಗ ಅಳು ಕೇಳಿಸಲಿಲ್ಲ, ಎತ್ತಿಕೊಳ್ತೀಯಾ ಎಂದಳು ನರ್ಸ್, ನಾಗವೇಣಿ ತಲೆಯಾಡಿಸಿದಳು, ಹೌದೆಂದೋ ಬೇಡವೆಂದೋ, ಕೈಗೆ ಬಂತು, ಸುತ್ತಿದ ಬಟ್ಟೆ ಬೆಚ್ಚಗಿತ್ತು, ಒಳಗಿನದು ಅಲ್ಲ, ಇನ್ನೊಂದಾಗತ್ತೆ ಬಿಡಮ್ಮಾ ಎಂದು ಪಕ್ಕದ ಮನೆಯ ದೇವಕಿ ಆಂಟಿ ಬಿಸಿಬೇಳೆಬಾತಿನ ಡಬ್ಬಿ ಮೇಜಿನ ಮೇಲಿಟ್ಟರು, ನಟರಾಜ್ ಬ್ರಿಸ್ಬೇನಿಗೆ ವರ್ಗ ಕೇಳಿಕೊಂಡ, ಊರು ಬದಲಾದರೆ ಗಂಡಹೆಂಡತಿಯ ನಡುವೆ ಮಾತು ಬಂದೀತು ಎಂದು, ಏನಾದ್ರೂ ಹೇಳೇ ವೇಣಿ, ಅತ್ತುಬಿಡೇ ಎನ್ನುತ್ತಿದ್ದ, ಕುಕ್ಕರ್ ಕೂಗ್ತಾ ಇದೆ ನೋಡಿ ಎಂದಿದ್ದಳು ಅವಳು. ಈಗ ಮಧ್ಯಾಹ್ನದ ಬಿಸಿಲು ಹಾಸಿಗೆಯ ಕಂಬಿಯ ಮೇಲೆ, ಚಮಚದಲ್ಲಿ ಮಂದ ಮಾಡಿದ ಗಂಜಿ, ನಾಗವೇಣಿ ಬಾಗಿ ಹೇಳಿದಳು, ಅ ಜಾರಿತು, ನ ನಿಂತಿತು, ಉಸಿರು ಪಟ್ಟನೆ ಒಳಗೇ ಕಡಿದುಹೋಯಿತು, ಅಜ್ಜಿಯ ಕಣ್ಣು ಇತ್ತ ಹೊರಳಿತು, ಸ್ವಾಧೀನವಿದ್ದ ಎಡಗೈ ಅವಳ ಮಣಿಕಟ್ಟು ಹಿಡಿಯಿತು, ಅಜ್ಜಿ ಏನೋ ಉದ್ದಕ್ಕೆ ಹೇಳಿದಳು, ಒಂದಕ್ಷರ ತಿಳಿಯಲಿಲ್ಲ, ಕೊನೆಯಲ್ಲಿ ಪ್ರಶ್ನೆಯಂತೆ ಏರಿತು, ನಿನಗೂನಾ ಎಂದಿರಬಹುದು, ಇನ್ನೇನೋ ಇರಬಹುದು, ನಾಗವೇಣಿ ಕನ್ನಡದಲ್ಲೇ ಹೂಂ ಅಜ್ಜಿ, ಹೆಣ್ಣು ಎಂದಳು, ಯಾರಿಗೂ ಹೇಳಿರದ ಮಾತು ಅದು, ಅಜ್ಜಿ ಬಾಯಿ ತೆರೆದಳು, ಗಂಜಿ ಹೋಯಿತು, ಬೆರಳಡಿಯಲ್ಲಿ ಗಂಟಲು ಎದ್ದಿತು, ಮುಚ್ಚಿತು, ಇಳಿಯಿತು, ಇಳೀತು ಕಣೇ, ಇನ್ನೊಂದು ಕೊಡು ಎಂದು ಹಿಂದಿನಿಂದ ನರ್ಸ್ ಹೇಳುತ್ತಿದ್ದಾಳೆ, ಚಮಚ ಅದ್ದಬೇಕು, ಅದ್ದಬೇಕು, ಅಜ್ಜಿಯ ಗಂಟಲು ತೆರೆದುಕೊಂಡಿದೆ, ನಾಗವೇಣಿಯದು ಆ ಮಾತಿನ ತುದಿಯಲ್ಲೇ ನಿಂತಿದೆ, ಬಟ್ಟೆ ಬೆಚ್ಚಗಿತ್ತು, ಬಟ್ಟೆ, ಬೆಚ್ಚಗೆ —