ಹಸಿರು ಬಂದ ಮುಖ

"ಮತ್ತ ಹಸರೇ ಬಂತಲ್ಲವಾ!"

ಭಾಗ್ಯಶ್ರೀ ಮನೆಯ ಪ್ರಿಂಟರಿನಿಂದ ಹಾಳೆ ಎಳೆದುಕೊಂಡಳು. ಹಾಳೆಯಲ್ಲಿ ಅವಳಪ್ಪ ಮಹಾದೇವಪ್ಪ ನಗುತ್ತಿದ್ದ. ಮುಖವೆಲ್ಲ ಪಾಚಿ ಹಿಡಿದ ಕಲ್ಲಿನ ಹಾಗೆ.

ಹಿಂದಿನ ಸಂಜೆ ಚಾ ಕುಡಿಯುತ್ತ ಕೂತಲ್ಲೇ ಹೋದವನನ್ನು ಗಂಡಸರು ಎತ್ತಿಕೊಂಡು ಹೋಗಿ ಗಂಟೆಯ ಮೇಲಾಗಿತ್ತು. ಮಣ್ಣು ಕೊಟ್ಟು ಅವರು ಬರುವುದರೊಳಗೆ ಫೋಟೋ ಇಟ್ಟು ದೀಪ ಹಚ್ಚಬೇಕು.

"ಇದರ ಮುಂದ ದೀಪಾ ಹಚ್ಚಿದ್ರ ಕೂಸುಗೋಳು ಹೆದರಿ ಓಡ್ತಾವ ನೋಡ," ಎಂದಳು ಸತ್ತವನ ಅಕ್ಕ ಗುಡ್ಡವ್ವ, ಮೂಗು ಒರೆಸಿಕೊಳ್ಳುತ್ತ. "ನನ್ನ ತಮ್ಮ ಗೋದಿ ಬಣ್ಣದಾಂವ."

"ಶಾಯಿ ಉಗುಳೂ ಹೆಡ್ ಎರಡ ಸಲ ತೊಳದೇನತ್ತಿ. ಪರೀಕ್ಷಾ ಹಾಳ್ಯಾಗ ಗೆರಿ ಒಂದೂ ತುಂಡಾಗಿಲ್ಲ." ಭಾಗ್ಯಶ್ರೀ ಬಗ್ಗಿ, ಪ್ರಿಂಟರಿನ ಪಕ್ಕದ ಶಾಯಿ ಡಬ್ಬಿಗಳನ್ನು ನೋಡಿದಳು. "ಅಯ್ಯ! ಗುಲಾಬಿ ಹಾಕೂ ಡಬ್ಬ್ಯಾಗ ನೀಲಿ ಐತಿ, ನೀಲಿ ಡಬ್ಬ್ಯಾಗ ಗುಲಾಬಿ. ಯವ್ವಾ, ಶಾಯಿ ಯಾರು ತುಂಬಿದ್ರು?"

"ನಿಮ್ಮಪ್ಪ," ಎಂದಳು ತಾಯಿ ದಾನವ್ವ. "ನಾ ಗರಗಕ್ಕ ಹೋದಾಗ ತುಂಬಿರಬೇಕು."

ಹೇಳಿದವಳೇ ಬಗ್ಗಿ ಆ ಎರಡು ಡಬ್ಬಿಗಳನ್ನು ಮತ್ತೊಮ್ಮೆ ನೋಡಿದಳು.

*

ಮನೆಮನೆಗೆ ಕರೆಂಟಿನ ವೈರು ಹಾಕುತ್ತಿದ್ದ ಮಹಾದೇವಪ್ಪ ಮದುವೆಯಾದ ಎಂಟನೇ ದಿನ ಗಿಡದಿಂದ ಹಣ್ಣು ಮೆಣಸಿನಕಾಯಿ ಹರಿಯಲು ಹೋಗಿ ಮಡಿಲು ತುಂಬ ಹಸಿಕಾಯಿ ತಂದಿದ್ದ. ಅವಳು ನಕ್ಕಳು. ಅವನು ನಗಲಿಲ್ಲ.

"ಕೆಂಪು, ಹಸರು ನನಗ ಒಂದ ಕಾಣ್ತಾವು. ಗುಲಾಬಿ, ತಿಳಿನೀಲೀನೂ ಹಂಗ. ಯಾರ ಮುಂದೂ ಅನಬ್ಯಾಡ. ಗೊತ್ತಾದ್ರ ಈ ವೈರಮನ್ನನ್ನ ಹೊಸ್ತಿಲಾ ದಾಟಸ್ಕೋತಾರೇನು?"

ಅಂದಿನಿಂದ ಕರೆಂಟು ಹರಿಯುವ ಕೆಂಪು ತಂತಿ ಅರ್ಥಿಂಗಿನ ಹಸಿರು ತಂತಿಗೆ ಬದಲಾಗದಂತೆ, ಕೆಂಪಿಗೆ ದಾರದ ಗಂಟು ಹಾಕಿ ಕೊಡುವುದು ದಾನವ್ವನ ಕೆಲಸವಾಯಿತು. ಮೂವತ್ತಾರು ವರ್ಷ ಬುತ್ತಿಯ ನೆಪದಲ್ಲಿ ಅವನು ಕೆಲಸ ಮಾಡುವ ಮನೆಗಳಿಗೆ ಹೋದಳು. ಬೋರ್ಡು ಮುಚ್ಚುವ ಮೊದಲು ಒಮ್ಮೆ ಇಣುಕಿ ನೋಡಿ ಹೂಂ ಅನ್ನುತ್ತಿದ್ದಳು. "ಗಂಡನ್ನ ಒಂದ ತಾಸು ಬಿಟ್ಟಿರೂದಿಲ್ಲ ಈಕಿ," ಎಂದು ಓಣಿಯ ಹೆಂಗಸರು ಕಾಡಿಸಿದರೆ, ಹೌದೆಂದು ನಾಚಿದಂತೆ ಮಾಡುತ್ತಿದ್ದಳು.

ಅವಳು ಅವನನ್ನು ಬಿಟ್ಟಿದ್ದು ಒಂದೇ ವಾರ. ಹೋದ ತಿಂಗಳು, ತಂಗಿಗೆ ಆರಾಮಿಲ್ಲವೆಂದು ಗರಗಕ್ಕೆ ಹೋದಾಗ. ಹೊರಡುವಾಗ ಆಣೆ ಹಾಕಿಸಿಕೊಂಡಿದ್ದಳು: ನಾ ಬರೂತನಕ ಯಾರ ಮನಿ ಕೆಲಸಾನೂ ಹಿಡೀಬ್ಯಾಡ್ರಿ.

*

ಆದರೆ ಪಕ್ಕದ ಮನೆಯ ಮೀರಾಬಿ ಮುಂಜಾನೆ ಅಳುತ್ತ ಹೇಳಿದ್ದಳಲ್ಲ! "ದಾನಕ್ಕಾ, ನೀ ಊರಾಗಿಲ್ಲದಾಗ ನಮ್ಮ ಗೀಜರ್ ಹಾಕಿ ಕೊಟ್ಟ ಪುಣ್ಯಾತ್ಮ. ಪೈಪ್ ನಿನ್ನೆ ಜೋಡಿಸ್ಯಾರ, ಇನ್ನೂ ಚಾಲೂ ಮಾಡಿಲ್ಲ. ಮಣ್ಣಿಗೆ ಹೋದವರೆಲ್ಲಾ ನಮ್ಮಲ್ಲೇ ಜಳಕಾ ಮಾಡ್ಲಿ. ಮೊದಲನೇ ನೀರು ಅವನ ಹೆಸರಿನ್ಯಾಗ."

ಅಳುವಿನ ನಡುವೆ ಆ ಮಾತು ದಾನವ್ವನ ತಲೆಗೇ ಹೋಗಿರಲಿಲ್ಲ.

ಹೊರಗೆ ಚಪ್ಪಲಿ ಸದ್ದು. ಗಂಡಸರು ಬಂದಿದ್ದರು.

"ಪ್ರಸಾದ ಎಲ್ಲಿ?" ದಾನವ್ವ ಎದ್ದಳು.

"ಮೀರಾಬಿ ಮನ್ಯಾಗ ಜಳಕಕ್ಕ ಹೋದ," ಎಂದರು ಯಾರೋ.

ಅಳಿಯ. ಭಾಗ್ಯಶ್ರೀಯ ಗಂಡ. ದಾನವ್ವ ಬಾಗಿಲಿಗೆ ಓಡಿದಳು.

"ಏ ಹುಚ್ಚಿ! ಇವತ್ತ ನೀ ಹೊರಗ ಕಾಲಿಡಬಾರದು!" ಗುಡ್ಡವ್ವ ಸೆರಗು ಹಿಡಿದಳು. ದಾನವ್ವ ಸೆರಗು ಕಿತ್ತುಕೊಂಡು ಓಣಿಗಿಳಿದಳು. ಹೆಂಗಸರು ಕೂಗುತ್ತ ಹಿಂದೆ ಬಂದರು. ಮೀರಾಬಿಯ ನಡುಮನೆ ದಾಟುವಾಗ ಮೊಣಕಾಲು ಕುರ್ಚಿಗೆ ಬಡಿಯಿತು. ಬಚ್ಚಲ ಬಾಗಿಲು ಮುಚ್ಚಿತ್ತು. ಗೀಜರಿನ ಕೆಂಪು ದೀಪ ಬಾಗಿಲ ಸಂದಿಯಿಂದ ಕಾಣುತ್ತಿತ್ತು.

"ಪ್ರಸಾದಪ್ಪಾ! ನಳಾ ಮುಟ್ಟಬ್ಯಾಡ! ಹೊರಗ ಬಾ!"

"ಯಾಕ್ರಿ ಅತ್ತಿ?"

"ದುಃಖಕ್ಕ ತಲಿ ಕೆಟ್ಟೈತಿ ಪಾಪ," ಮೀರಾಬಿ ಅವಳ ಹೆಗಲು ತಬ್ಬಿದಳು. "ದಾನಕ್ಕಾ, ನಿನ್ನ ಗಂಡಾನ ಹಾಕಿದ್ದವ್ವಾ ಅದು. ಈ ಓಣ್ಯಾಗ ಅವನಂಥಾ ಕೈ ಯಾರದೈತಿ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಇಪ್ಪತ್ತು ಮಂದಿಯಾದರೂ ಇದ್ದರು. ಬಾಗಿಲಲ್ಲಿ ಅವನ ಜೊತೆ ಕೆಲಸ ಮಾಡಿದ ಇಕ್ಬಾಲ, ಕೈಗೆ ಇನ್ನೂ ಹೂಳಿದ ಕುಣಿಯ ಮಣ್ಣು. ಒಳಗೆ ಬಕೆಟ್ಟು ಸರಿದ ಸದ್ದಾಯಿತು.

"ಅವರಿಗೆ ಬಣ್ಣಾ ತಿಳೀತಿರಲಿಲ್ಲ!" ದಾನವ್ವ ಚೀರಿದಳು. "ಕೆಂಪು ಯಾವುದು, ಹಸರು ಯಾವುದು, ಜನ್ಮದಾಗ ತಿಳೀಲಿಲ್ಲ! ನಾ ನೋಡಿ ಹೇಳತಿದ್ದೆ. ಇದನ್ನ ನಾ ನೋಡಿಲ್ಲ!"

ಬಚ್ಚಲ ಬಾಗಿಲು ತೆರೆಯಿತು. ಪ್ರಸಾದ ಪಂಚೆಯಲ್ಲಿ, ಬಕೆಟ್ಟಿನ ತಣ್ಣೀರಿಗೆ ಒದ್ದೆಯಾದ ಕೈಕಾಲಲ್ಲಿ ಹೊರಬಂದ.

ಗುಡ್ಡವ್ವ ತಮ್ಮನ ಹೆಂಡತಿಯನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಓಣಿಯವರ ಕಣ್ಣು ಒಂದೊಂದಾಗಿ ಮೀರಾಬಿಯ ಗೋಡೆಯ ಸ್ವಿಚ್ಚುಗಳ ಕಡೆ ತಿರುಗಿದವು. ಎಲ್ಲರ ಮನೆಯಲ್ಲೂ ಅವನೇ ಹಾಕಿದ ಸ್ವಿಚ್ಚುಗಳಿದ್ದವು.

"ಸರದ ನಿಲ್ರಿ, ವೈನಿ," ಎಂದು ದಾನವ್ವನಿಗೆ ಹೇಳಿ ಇಕ್ಬಾಲ ಕೈ ಒರೆಸಿಕೊಂಡ. ಒಣ ಮಣೆಯೊಂದನ್ನು ಬಚ್ಚಲಿಗೆ ಹಾಕಿ ಅದರ ಮೇಲೆ ನಿಂತ. ಕಿಸೆಯಿಂದ ಕರೆಂಟು ನೋಡುವ ಟೆಸ್ಟರ್ ತೆಗೆದು ಸ್ಟೀಲಿನ ನಳಕ್ಕೆ ಮುಟ್ಟಿಸಿದ.

ಟೆಸ್ಟರಿನೊಳಗಿನ ಸಣ್ಣ ದೀಪ ಹತ್ತಿತು.

ಪ್ರಸಾದ ತನ್ನ ಒದ್ದೆ ಅಂಗೈಗಳನ್ನು ಪಂಚೆಗೆ ಒರೆಸಿಕೊಳ್ಳತೊಡಗಿದ. ಅವು ಪೂರಾ ಒಣಗಿದ ಮೇಲೂ ಒರೆಸುತ್ತಲೇ ಇದ್ದ.