ಕೊನೆಯ ಪ್ಯಾರಾ

ಉಪಸಂಪಾದಕಿಯ ಕೈಲಿದ್ದ ಶ್ರದ್ಧಾಂಜಲಿ ಭಾಷಣದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು, ತೀರಿಕೊಂಡ ಸಂಪಾದಕಿಯ ಗಂಡ ಮೊದಲು ನೋಡಿದ್ದು ಅದರ ಕೊನೆಯನ್ನೇ.

"ಕೊನೇ ಪ್ಯಾರಾ ಹಾಗೇ ಬಿಟ್ಟಿದ್ದೀಯಲ್ಲಮ್ಮ."

"ಇವತ್ತೊಂದಿನ ಇರ್ಲಿ ಸರ್. ನಾನು ಹೇಳ್ಬೇಕಾದ್ದು ಇರೋದೇ ಅದರಲ್ಲಿ."

ಅವರು ಸಭಾಂಗಣದ ಮುಂಭಾಗದಲ್ಲಿ ಹೂಗಳ ನಡುವೆ ಮಲಗಿದ್ದ ಹೆಂಡತಿಯತ್ತ ನೋಡಿದರು. "ಅವಳು ಎದ್ದು ಕೂತ್ರೆ ನಾನು ಜವಾಬ್ದಾರನಲ್ಲ," ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ತಮ್ಮ ಪಕ್ಕದ ಕುರ್ಚಿಯ ಮೇಲೆ ಹೆಂಡತಿಯ ಕನ್ನಡಕ ಇಟ್ಟಿದ್ದರು. ಯಾರಾದರೂ ಕೂರಲು ಬಂದರೆ, "ಇಲ್ಲಿ ಜನ ಇದ್ದಾರೆ," ಎನ್ನುತ್ತಿದ್ದರು.

ಮಹಿಳಾ ಪತ್ರಿಕೆಯನ್ನು ಜೀವಮಾನವಿಡೀ ನಡೆಸಿದ ಆ ಮಹಾತಾಯಿ ಯಾರು ಏನೇ ಬರೆದು ತಂದರೂ ಕೊನೆಯ ಪ್ಯಾರಾ ಹೊಡೆದು ಹಾಕುತ್ತಿದ್ದರು. ಕತೆಯಾಗಲಿ, ವೈದ್ಯರ ಸಲಹೆಯಾಗಲಿ, ವಿನಾಯಿತಿಯಿಲ್ಲ. ಒಮ್ಮೆ ಸ್ವೆಟರ್ ಹೆಣೆಯುವ ವಿಧಾನಕ್ಕೂ ಇದೇ ಗತಿಯಾಗಿ, ಆ ಚಳಿಗಾಲ ಓದುಗರ ಮಕ್ಕಳೆಲ್ಲ ಒಂದೇ ತೋಳಿನ ಸ್ವೆಟರ್ ತೊಟ್ಟು ತಿರುಗಿದರು.

*

ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಪಸಂಪಾದಕಿ ಇದಕ್ಕಾಗಿ ಅತ್ತಿದ್ದಳು.

"ಹೊರಟೆ ಅಂತ ಹೇಳಿ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡೋ ನೆಂಟರಿಲ್ವಾ? ಕೊನೇ ಪ್ಯಾರಾ ಅಂದ್ರೆ ಅದೇ," ಎಂದ ಸಂಪಾದಕಿ, ತಮ್ಮ ಊಟದ ಡಬ್ಬಿಯನ್ನು ಅವಳ ಮುಂದೆ ತಳ್ಳಿದ್ದರು. "ತಿನ್ನು. ಅಡುಗೆ ನಮ್ಮನೆಯವರದ್ದು, ಧೈರ್ಯವಾಗಿ ತಿನ್ನು."

ಮರುದಿನದಿಂದ ಡಬ್ಬಿಯಲ್ಲಿ ಇಬ್ಬರ ಊಟ ಬಂತು. ತಾಯಿಯಿಲ್ಲದ ಹುಡುಗಿಗೆ ಅದು ಎಷ್ಟು ದೊಡ್ಡದೆಂದು ಹೇಳಲು ಅವಳು ಬಾಯಿ ತೆರೆದಾಗಲೆಲ್ಲ ಸಂಪಾದಕಿ ಪ್ರೂಫಿನತ್ತ ತಿರುಗಿಬಿಡುತ್ತಿದ್ದರು.

*

"ಕೊನೆಯದಾಗಿ ಒಂದು ಮಾತು," ಎಂದು ಪತ್ರಿಕೆಯ ಮಾಲೀಕರು ಮತ್ತೊಮ್ಮೆ ಹೇಳಿ ಭಾಷಣ ಮುಂದುವರಿಸಿದರು.

"ಈ ಮನುಷ್ಯನಿಗೆ ಮೈಯೆಲ್ಲ ಕೊನೇ ಪ್ಯಾರಾ," ಎಂದು ಗಂಡ, ಕನ್ನಡಕದ ಕುರ್ಚಿಯಾಚೆ ಕೂತಿದ್ದ ಉಪಸಂಪಾದಕಿಯತ್ತ ಬಾಗಿ ಪಿಸುಗುಟ್ಟಿದರು. "ಮದುವೆಗೆ ಮುಂಚೆ ನಾನೊಂದು ಕಾಗದ ಬರೆದಿದ್ದೆ. ಅದನ್ನೂ ತಿದ್ದಿ ವಾಪಸ್ ಕಳಿಸಿದ್ಲು."

"ಕೊನೇದನ್ನ ಹೊಡೆದು?"

"ಮದುವೆ ಆಗ್ತೀಯಾ ಅಂತ ಕೇಳಿದ್ದೇ ಅದರಲ್ಲಿ. ಹೊಡೆದು, ಪಕ್ಕದಲ್ಲಿ ‘ಅರ್ಥವಾಯಿತು, ಆಗಲಿ’ ಅಂತ ಬರೆದಿದ್ಲು."

ಉಪಸಂಪಾದಕಿ ನಗು ತಡೆಯಲಾಗದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡು ಹಿಂದಿನ ಸಾಲಿನವರು ಬೆನ್ನು ಸವರಿದರು.

ಅಂತೂ ಅವಳ ಸರದಿ ಬಂತು. ಸ್ವೆಟರಿನ ಪ್ರಸಂಗಕ್ಕೆ ಜನ ನಕ್ಕರು. ಕೊನೆಯ ಪ್ಯಾರಾಕ್ಕೆ ಬಂದಳು.

"ನನಗೆ ತಾಯಿ ಇರಲಿಲ್ಲ," ಎಂದು ಓದಿದಳು. ಮುಂದಿನ ಮಾತು ಹೊರಡಲಿಲ್ಲ. ಮತ್ತೆ ಮೊದಲಿಂದ ಓದಿ ಅಲ್ಲಿಗೇ ಬಂದು ನಿಂತಳು. ಇಷ್ಟು ವರ್ಷ ಹೇಳದೆ ಉಳಿದದ್ದು ಇವತ್ತೂ ಹಾಗೇ ಉಳಿದುಬಿಡುತ್ತದಲ್ಲ ಎಂದು ದುಃಖ ಒತ್ತರಿಸಿ ಬಂತು. ಸಭೆ ಕಾಯುತ್ತಿತ್ತು.

"ಅರ್ಥವಾಯ್ತು ಕಣಮ್ಮ, ಬಾ," ಎಂದರು ಗಂಡ.

ಅವಳು ಹಾಳೆ ಮಡಚಿಕೊಂಡು ಕೆಳಗಿಳಿದು ಬಂದಳು. ಅವರು ಪಕ್ಕದ ಕುರ್ಚಿಯ ಮೇಲಿದ್ದ ಕನ್ನಡಕವನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಅವಳಿಗೆ ಜಾಗ ಮಾಡಿದರು.